ನೈವೇದ್ಯದ ಕೋಣೆಯ ಗಾಳಿ

ನಾನು ನಿಂತಿದ್ದದ್ದು ತೀರ್ಥಮಂಟಪದ ಎಡಬದಿಯಲ್ಲಿ, ಗರ್ಭಗುಡಿಯ ಬಾಗಿಲಿಗೆ ಅತಿ ಹತ್ತಿರದ ಕಂಬದ ಪಕ್ಕ. ಮಂಗಳೂರಿನ ದೇರೆಬೈಲಿನಲ್ಲಿರುವ ನಮ್ಮ ದೇವಿಯ ಗುಡಿಯ ಜೀರ್ಣೋದ್ಧಾರ ಮುಗಿದು ಬ್ರಹ್ಮಕಲಶವಾದ ವರ್ಷದ ನವರಾತ್ರಿ, ಅದರ ಮೊದಲ ಶುಕ್ರವಾರ, ಸಂಜೆಯ ದೀಪಾರಾಧನೆಯ ಹೊತ್ತು. ನನಗೂ ಬಾಗಿಲಿಗೂ ನಡುವೆ ಯಾರೂ ಇರಲಿಲ್ಲ. ಒಳಗೆ ಎಣ್ಣೆದೀಪಗಳನ್ನು ಬಿಟ್ಟರೆ ಬೇರೆ ಬೆಳಕಿರಲಿಲ್ಲ, ಆದರೆ ನೋಡಲು ಅಷ್ಟು ಸಾಕಿತ್ತು. ಪೂಜೆ ಮಾಡುತ್ತಿದ್ದವನು ನನ್ನ ಅಣ್ಣ.

ಆರತಿ ಎತ್ತಿದಾಗ ಅವನ ಬಲಗೈ ನಡುಗಿತು. ಮೊದಲು ಬೆರಳುಗಳು, ಆಮೇಲೆ ಮಣಿಕಟ್ಟು. ನಡುಕ ದೊಡ್ಡದಲ್ಲ, ಸಣ್ಣದು, ಬಹಳ ವೇಗದ್ದು. ದೀಪದ ಜ್ವಾಲೆ ಗಾಳಿಯಲ್ಲಿ ವೃತ್ತ ಬರೆಯುವ ಬದಲು ಗರಗಸದ ಹಲ್ಲಿನಂಥ ಗೆರೆ ಎಳೆಯಿತು. ಎಡಗೈಯಲ್ಲಿದ್ದ ಗಂಟೆಯನ್ನು ಅವನು ಆಡಿಸುವುದು ನಿಲ್ಲಿಸಿದ ಮೇಲೂ ಅದು ತೆಳ್ಳಗೆ ಸದ್ದು ಮಾಡುತ್ತಲೇ ಇತ್ತು. ಕೊನೆಗೆ ತಟ್ಟೆ ವಾಲಿತು. ಉರಿಯುವ ಬತ್ತಿಗಳು ದೇವಿಯ ಪೀಠದ ಮುಂದೆ ಬಿದ್ದವು. ಅಣ್ಣ ಅವುಗಳನ್ನು ಬರಿಗೈಯಿಂದ ಹೆಕ್ಕಿ ತಟ್ಟೆಗೆ ಹಾಕಿಕೊಂಡ.

ಚೆಂಡೆ ಬಡಿಯುತ್ತಿದ್ದವನು ಕೈ ನಿಲ್ಲಿಸಿದ. ನನ್ನ ಹಿಂದಿನಿಂದ ಒಬ್ಬ ಹೆಂಗಸು ಮೆಲ್ಲಗೆ "ದರ್ಶನ" ಎಂದಳು. ಆ ಮಾತು ಮಂಟಪದಿಂದ ಅಂಗಳಕ್ಕೆ, ಅಂಗಳದಿಂದ ಗೋಪುರದವರೆಗೆ ಹೋದದ್ದು ನನಗೆ ಕೇಳಿಸಿತು. ದೇವಸ್ಥಾನದ ಸಮಿತಿಯ ಅಧ್ಯಕ್ಷರು ಬಲಬದಿಯಲ್ಲಿದ್ದರು. ಅವರು ಎರಡೂ ಕೈ ಎತ್ತಿ ಮುಗಿದರು, ಅವರ ಕಣ್ಣು ಒದ್ದೆಯಾಗಿತ್ತು. ಅತ್ತಿಗೆ ಹೆಂಗಸರ ಸಾಲಿನಲ್ಲಿದ್ದರು. ಎಲ್ಲರೂ ಅಣ್ಣನನ್ನು ನೋಡುತ್ತಿದ್ದಾಗ ಅವರು ನನ್ನನ್ನು ನೋಡಿದರು.

ನಮ್ಮ ಕಡೆ ದೇವರು ಮನುಷ್ಯನ ಮೈಮೇಲೆ ಬರುವುದನ್ನು ದರ್ಶನ ಎನ್ನುತ್ತಾರೆ. ಯಾರ ಮೈಮೇಲೆ ಬರುತ್ತದೋ ಅವನು ಪಾತ್ರಿ, ಜನ ಅವನ ಹತ್ತಿರ ಪ್ರಶ್ನೆ ಕೇಳಲು ಬರುತ್ತಾರೆ. ಮೈ ನಡುಗುವುದೇ ಅದರ ಮೊದಲ ಗುರುತು. ನಮ್ಮ ಅಜ್ಜ ಪಾತ್ರಿಯಾಗಿದ್ದರು. ಅವರು ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಯಾರ ಮೇಲೂ ದರ್ಶನ ಬಂದಿರಲಿಲ್ಲ. ಅಜ್ಜನ ಮೊಮ್ಮಗ, ಗುಡಿ ಹೊಸದಾದ ವರ್ಷ, ನವರಾತ್ರಿ, ಶುಕ್ರವಾರ. ಅಲ್ಲಿದ್ದವರಿಗೆ ಬೇರೆ ಏನನ್ನೂ ಯೋಚಿಸುವ ಅಗತ್ಯವಿರಲಿಲ್ಲ. ನನ್ನ ಉದ್ಯೋಗ ಬೇರೆಯಾಗಿದ್ದಿದ್ದರೆ ನಾನೂ ಹಾಗೆಯೇ ತಿಳಿಯುತ್ತಿದ್ದೆ.

ನನ್ನ ಉದ್ಯೋಗ ಗಾಳಿಯಲ್ಲಿರುವ ಪಾದರಸವನ್ನು ಅಳೆಯುವುದು. ವಾಮಂಜೂರಿನ ಹತ್ತಿರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಉಳಿದ ಹೊತ್ತಿನಲ್ಲಿ ಈ ಕೆಲಸ. ಪಾದರಸ ಲೋಹವಾದರೂ ಬಿಸಿಲಿಗೂ ಆವಿಯಾಗುತ್ತದೆ. ಕಲ್ಲಿದ್ದಲಿನಲ್ಲಿ ಅದು ಅಷ್ಟಿಷ್ಟು ಇರುತ್ತದೆ. ಉರಿಸಿದಾಗ ಚಿಮಣಿಯಿಂದ ಮೇಲೆ ಹೋಗಿ ತಿಂಗಳುಗಟ್ಟಲೆ ಗಾಳಿಯಲ್ಲೇ ತಿರುಗುತ್ತದೆ. ಮಳೆಯೊಂದಿಗೆ ಇಳಿದು ಹೊಳೆಯ ಕೆಸರು ಸೇರುತ್ತದೆ, ಕೆಸರಿನಿಂದ ಮೀನಿಗೆ, ಮೀನಿನಿಂದ ಮನುಷ್ಯನಿಗೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೂಗಿಗೆ ಗೊತ್ತಾಗದ್ದನ್ನು ಚಿನ್ನಕ್ಕೆ ಗೊತ್ತಾಗುತ್ತದೆ: ಪಾದರಸ ಎಲ್ಲಿದ್ದರೂ ಚಿನ್ನಕ್ಕೆ ಅಂಟುತ್ತದೆ. ಹಾಗಾಗಿ ನಮ್ಮ ಉಪಕರಣ ಬಹಳ ಸರಳ. ಬೆರಳುದ್ದದ ಗಾಜಿನ ಕೊಳವೆ, ಅದರೊಳಗೆ ಚಿನ್ನ ಲೇಪಿಸಿದ ಮರಳು, ಕೊಳವೆಯ ಮೂಲಕ ಗಾಳಿ ಎಳೆಯುವ ಒಂದು ಸಣ್ಣ ಪಂಪು. ಆಮೇಲೆ ಪ್ರಯೋಗಾಲಯದಲ್ಲಿ ಕೊಳವೆಯನ್ನು ಕಾಯಿಸಿದರೆ ಅಂಟಿದ್ದ ಪಾದರಸ ಬಿಟ್ಟುಕೊಳ್ಳುತ್ತದೆ, ಯಂತ್ರ ಅದನ್ನು ಅಳೆಯುತ್ತದೆ.

ಮೂರು ಕಡೆ ಪಂಪು ಇಟ್ಟಿದ್ದೆ. ಒಂದು ವಾಮಂಜೂರಿನಲ್ಲಿ ಕಾಲೇಜಿನ ತಾರಸಿಯ ಮೇಲೆ. ಒಂದು ಬಜಪೆಯಲ್ಲಿ ಪರಿಚಯದವರ ಮನೆಯ ಮೇಲೆ. ಮತ್ತೊಂದು ದೇರೆಬೈಲಿನಲ್ಲಿ, ದೇವಸ್ಥಾನದ ಗೋಡೆಗೆ ತಾಗಿಕೊಂಡಿರುವ ಅಣ್ಣನ ಮನೆಯ ತಾರಸಿಯಲ್ಲಿ. ಉತ್ತರದ ಕಾರ್ಖಾನೆಗಳ ಹೊಗೆ ನಗರದ ಮೇಲೆ ಎಷ್ಟು ಬೀಳುತ್ತದೆ, ಕಡಲಿನ ಗಾಳಿ ಎಷ್ಟನ್ನು ತೊಳೆದುಕೊಂಡು ಹೋಗುತ್ತದೆ ಎಂದು ತಿಳಿಯುವುದು ನನ್ನ ಉದ್ದೇಶವಾಗಿತ್ತು. ದೇರೆಬೈಲಿನ ಕೊಳವೆಯನ್ನು ಬೆಳಿಗ್ಗೆ ಸ್ನಾನಕ್ಕೆ ಮೊದಲು ಬದಲಾಯಿಸುವ ಕೆಲಸ ಅತ್ತಿಗೆಯದು. ಸ್ನಾನವಾದ ಮೇಲೆ ಅದನ್ನು ಮುಟ್ಟುತ್ತಿರಲಿಲ್ಲ. ಕೊಳವೆಗೆ ಮಡಿ ಇಲ್ಲ ಎಂದು ಅವರ ಲೆಕ್ಕ.

ಪಂಪುಗಳು ಓಡತೊಡಗಿದ್ದು ಮಳೆಗಾಲಕ್ಕೆ ಸ್ವಲ್ಪ ಮೊದಲು. ಅದಕ್ಕಿಂತ ಹಿಂದಿನ ತಿಂಗಳುಗಳಲ್ಲಿ ನಾನು ಊರಿನಲ್ಲಿರಲಿಲ್ಲ. ಉತ್ತರ ಭಾರತದ ಒಂದು ಪ್ರಯೋಗಾಲಯದಲ್ಲಿ ಈ ಅಳತೆಯನ್ನೇ ಕಲಿಯುತ್ತಿದ್ದೆ. ಬ್ರಹ್ಮಕಲಶವನ್ನೂ ನಾನು ಫೋನಿನಲ್ಲಿಯೇ ನೋಡಿದ್ದು. ಮಳೆ ಹಿಡಿದ ಮೇಲೆ ಕಡಲಿನಿಂದ ಜೋರು ಗಾಳಿ ಬೀಸುತ್ತದೆ, ಆಗ ಮೂರೂ ಕಡೆಯ ಅಂಕಿ ಇಳಿಯಬೇಕು. ವಾಮಂಜೂರಿನಲ್ಲಿ ಇಳಿಯಿತು. ಬಜಪೆಯಲ್ಲಿ ಇಳಿಯಿತು. ಕಡಲಿಗೆ ಇವೆರಡಕ್ಕಿಂತ ಹತ್ತಿರದ ದೇರೆಬೈಲಿನಲ್ಲಿ ಇಳಿಯಲಿಲ್ಲ.

ಉಪಕರಣದ ತೊಂದರೆ ಇರಬಹುದೆಂದು ಕೊಳವೆಗಳನ್ನು ಬದಲಾಯಿಸಿದೆ. ಬಜಪೆಯ ಪಂಪನ್ನು ದೇರೆಬೈಲಿಗೆ ತಂದೆ, ದೇರೆಬೈಲಿನದನ್ನು ಬಜಪೆಯಲ್ಲಿ ಇಟ್ಟೆ. ಹೆಚ್ಚಿನ ಅಂಕಿ ಪಂಪಿನ ಜೊತೆ ಹೋಗಲಿಲ್ಲ, ಜಾಗದಲ್ಲೇ ಉಳಿಯಿತು. ಹಾಗಾದರೆ ಮೂಲ ಹತ್ತಿರದಲ್ಲೇ ಎಲ್ಲೋ ಇದೆ ಎಂದಾಯಿತು. ಸುತ್ತ ಮನೆಗಳು, ಒಂದು ಕಿರಾಣಿ ಅಂಗಡಿ, ಒಂದು ಬೇಕರಿ, ದೇವಸ್ಥಾನ. ಹುಡುಕುತ್ತಿದ್ದೆ. ನವರಾತ್ರಿ ಬಂದಾಗ ಇನ್ನೂ ಹುಡುಕುತ್ತಲೇ ಇದ್ದೆ.

ದೀಪಾರಾಧನೆಯ ಮರುದಿನ ಬೆಳಿಗ್ಗೆ ಅಣ್ಣನ ಮನೆಗೆ ಹೋದೆ. ಜಗಲಿಯಲ್ಲಿ ಆಗಲೇ ಜನ ಕೂತಿದ್ದರು. ಒಬ್ಬರಿಗೆ ಮಗಳ ಮದುವೆಯ ಪ್ರಶ್ನೆ, ಒಬ್ಬರಿಗೆ ಕೋರ್ಟಿನ ಪ್ರಶ್ನೆ. ಅತ್ತಿಗೆ ನನ್ನನ್ನು ಹಿಂದಿನ ಬಾಗಿಲಿನಿಂದ ಒಳಗೆ ಕರೆದರು. ಅಣ್ಣ ಕೆಲವು ತಿಂಗಳಿನಿಂದ ಸರಿಯಾಗಿ ನಿದ್ದೆ ಮಾಡುವುದಿಲ್ಲ ಎಂದು ಹೇಳಿದರು. ಊಟದಲ್ಲಿ ಕಬ್ಬಿಣದ ರುಚಿ ಎನ್ನುತ್ತಾನಂತೆ. ವಸಡಿನಲ್ಲಿ ರಕ್ತ, ಬಾಯಲ್ಲಿ ಯಾವಾಗಲೂ ನೀರು. ಸಣ್ಣ ಮಾತಿಗೆ ಸಿಟ್ಟು, ಮರುಕ್ಷಣ ಯಾರನ್ನೂ ನೋಡಲಾಗದಷ್ಟು ನಾಚಿಕೆ. ಅಂಗಿಯ ಗುಂಡಿ ತಾವೇ ಹಾಕಿಕೊಡುತ್ತಿರುವುದಾಗಿ ಹೇಳಿ, ಬಾಗಿಲಿನ ಕಡೆ ನೋಡಿ, ದನಿ ಇಳಿಸಿದರು. ಆಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಉಂಗುರ ಕೊಟ್ಟರು.

"ನೋಡು, ನಿನ್ನ ಅಣ್ಣನ ಪವಿತ್ರದ ಉಂಗುರ. ಚಿನ್ನ ಅಂತ ಕೊಟ್ಟದ್ದು ಆ ಅಂಗಡಿಯವ. ಬಿಳಿ ಆಗಿದೆ. ಎಂತ ಕಲಬೆರಕೆ ಮಾರಾಯ ಇದು?"

ಪೂಜೆಯ ಹೊತ್ತಿಗೆ ಬಲಗೈಯ ಬೆರಳಿಗೆ ಹಾಕುವ, ದರ್ಭೆಯ ಗಂಟಿನ ಆಕಾರದ ಉಂಗುರ. ಅದರ ಹೊರಮೈ ಬೂದುಬಿಳಿಯಾಗಿತ್ತು. ಕಲಬೆರಕೆ ಇರಲಿಲ್ಲ. ನನ್ನ ಕೊಳವೆಯೊಳಗಿನ ಚಿನ್ನ ಮಾಡುವ ಕೆಲಸವನ್ನೇ ಉಂಗುರವೂ ಮಾಡಿತ್ತು. ನಾನು ಅಲ್ಲೇ ಅಕ್ಕಿಯ ಡಬ್ಬದ ಮೇಲೆ ಕೂತು, ಗುಡಿಯಲ್ಲಿ ಯಾರಾದರೂ ಪಾದರಸ ಬಳಸಿದ್ದಾರೆಯೇ ಎಂದು ಕೇಳಿದೆ.

ಇಲ್ಲಿಂದ ಮುಂದೆ ಬರೆಯುವ ನಾಲ್ಕು ಮಾತು ನಾನು ಕಂಡದ್ದಲ್ಲ, ಅಣ್ಣನೂ ಅತ್ತಿಗೆಯೂ ಹೇಳಿ ಕೇಳಿದ್ದು.

ಬ್ರಹ್ಮಕಲಶಕ್ಕೆ ಮೊದಲು ದೇವಿಯ ತಾಮ್ರದ ಮುಖವಾಡಕ್ಕೂ ಪ್ರಭಾವಳಿಗೂ ಚಿನ್ನದ ಮುಲಾಮು, ಎಂದರೆ ಲೇಪ, ಮಾಡಿಸಬೇಕೆಂದು ಸಮಿತಿ ತೀರ್ಮಾನಿಸಿತು. ಪೇಟೆಯಲ್ಲಿ ವಿದ್ಯುತ್ತಿನಿಂದ ಮಾಡಿಕೊಡುವವರಿದ್ದರು. ಅದರಲ್ಲಿ ಸಯನೈಡ್ ಬಳಸುತ್ತಾರೆ, ದೇವಿಯ ಮುಖಕ್ಕೆ ವಿಷ ಹಚ್ಚುವುದು ಬೇಡ ಎಂದು ಒಬ್ಬರು ಹೇಳಿದರು, ಎಲ್ಲರೂ ಒಪ್ಪಿದರು. ಮೇಲಾಗಿ ಭಕ್ತರು ಒಪ್ಪಿಸಿದ ಚಿನ್ನ ದೇವಸ್ಥಾನದ ಗೋಡೆ ದಾಟಬಾರದು. ಹಳೆಯ ಕ್ರಮ ಬಲ್ಲ ಒಬ್ಬ ಮುದುಕ ಶಿಲ್ಪಿಯನ್ನು ಘಟ್ಟದ ಮೇಲಿನಿಂದ ಕರೆಸಿದರು. ಹಳೆಯ ಕ್ರಮವೆಂದರೆ, ಚಿನ್ನವನ್ನು ಪಾದರಸದಲ್ಲಿ ಕರಗಿಸಿ ಬೆಣ್ಣೆಯಂಥ ಮುದ್ದೆ ಮಾಡುವುದು, ಮುದ್ದೆಯನ್ನು ಹಿಂಡಿ ಹೆಚ್ಚಿನ ಪಾದರಸ ತೆಗೆಯುವುದು, ತಾಮ್ರಕ್ಕೆ ಸವರಿ ಕೆಂಡದ ಮೇಲೆ ಹಿಡಿಯುವುದು. ಪಾದರಸ ಹಾರಿಹೋಗುತ್ತದೆ, ಚಿನ್ನ ಉಳಿಯುತ್ತದೆ.

ಶಿಲ್ಪಿ ಆ ಕೆಲಸವನ್ನು ಬಯಲಿನಲ್ಲಿ, ಗಾಳಿಗೆ ಬೆನ್ನು ಹಾಕಿ ಮಾಡುವವನು. ಇಲ್ಲಿ ಅದು ಸಾಧ್ಯವಾಗಲಿಲ್ಲ. ದೇವರ ಮುಖ ಅಪೂರ್ಣವಾಗಿರುವಾಗ ಕಂಡವರ ದೃಷ್ಟಿ ಬೀಳಬಾರದು. ಅದಕ್ಕೆ ನೈವೇದ್ಯದ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ತೆಂಗಿನ ಗೆರಟೆಯ ಕೆಂಡದಲ್ಲಿ ಮಾಡಿದರು. ಮುದ್ದೆ ಹಿಂಡಲು ಅವನು ತಂದಿದ್ದದ್ದು ಜಿಂಕೆಯ ಚರ್ಮದ ತುಂಡು. ಚರ್ಮ ನೈವೇದ್ಯದ ಕೋಣೆಯೊಳಗೆ ಬರುವ ಹಾಗಿಲ್ಲ. ಅದರ ಬದಲು ಮಡಿಬಟ್ಟೆ ಕೊಟ್ಟರು. ಬಟ್ಟೆಯಲ್ಲಿ ಪಾದರಸ ಸರಿಯಾಗಿ ಸೋಸುವುದಿಲ್ಲ, ಬೆರಳಿನ ಸಂದಿನಿಂದ ಹಾರುತ್ತದೆ, ಮುದ್ದೆಯಲ್ಲೂ ಹೆಚ್ಚು ಉಳಿಯುತ್ತದೆ. ಅಷ್ಟೂ ಮತ್ತೆ ಕೆಂಡದ ಮೇಲೆ ಹೊಗೆಯಾಗಬೇಕು. ದೇವರ ಸೊತ್ತಿನ ಜೊತೆ ಅರ್ಚಕ ಇರಲೇಬೇಕು ಎಂಬ ಕ್ರಮದಿಂದ ಅಣ್ಣ ಉದ್ದಕ್ಕೂ ಪಕ್ಕದಲ್ಲಿ ಕೂತು ಜಪ ಮಾಡಿದ. ಶಿಲ್ಪಿಯ ಕೈ ಸೋತಾಗ ಬಟ್ಟೆಯನ್ನು ತಾನೇ ಹಿಂಡಿಕೊಟ್ಟ.

ನೆಲಕ್ಕೆ ಚೆಲ್ಲಿದ ಪಾದರಸದ ಮಣಿಗಳು ಅಲ್ಲೇ ಓಡಾಡುತ್ತಿದ್ದವು. ಪಾದರಸ ಶಿವನ ತೇಜಸ್ಸು ಎಂದು ನಮ್ಮಲ್ಲಿ ನಂಬಿಕೆ. ಅದಕ್ಕೆ ಕಸಬರಿಕೆ ತಾಗಿಸಬಾರದು, ಹೊರಗೆ ಎಸೆಯಬಾರದು. ಅಣ್ಣ ಬಾಳೆಎಲೆಯ ತುಂಡಿನಿಂದ ಅವನ್ನು ಮೆಲ್ಲಗೆ ಒಲೆಯ ಬುಡಕ್ಕೆ ಸರಿಸಿದ. ಶುದ್ಧವಾದದ್ದು ಶುದ್ಧವಾದ ಜಾಗದಲ್ಲೇ ಇರಲಿ ಎಂದು. ಕಲ್ಲುಹಾಸಿನ ಸಂದಿಯಲ್ಲಿ ಅದು ಇಳಿದುಹೋಯಿತು. ಕೆಲಸ ಮುಗಿಯಿತು, ಬ್ರಹ್ಮಕಲಶ ನಡೆಯಿತು. ಆವತ್ತಿನಿಂದ ಬೆಳಿಗ್ಗೆಯೂ ಸಂಜೆಯೂ ಅದೇ ಒಲೆ ಹೊತ್ತಿಸಿ, ಅದೇ ಕೋಣೆಯಲ್ಲಿ ಕೂತು, ಅಣ್ಣ ದೇವಿಗೆ ಅನ್ನ ಬೇಯಿಸುತ್ತಿದ್ದ. ಸಣ್ಣ ಗುಡಿ, ಪೂಜೆಗೂ ಅಡಿಗೆಗೂ ಅವನೊಬ್ಬನೇ.

ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ, ಒಂದು ಪಂಪನ್ನು ಆ ಕೋಣೆಯೊಳಗೆ ತೆಗೆದುಕೊಂಡು ಹೋದವನು ನಾನು. ಒಲೆ ಉರಿಯುವಷ್ಟು ಹೊತ್ತು ಅದನ್ನು ಓಡಿಸಿದೆ. ಮರುದಿನ ಕಾಲೇಜಿನಲ್ಲಿ ಆ ಕೊಳವೆಯನ್ನು ಕಾಯಿಸಿದಾಗ ಪರದೆಯ ಮೇಲೆ ಅಂಕಿ ಬರಲಿಲ್ಲ. ಯಂತ್ರ ಅಳೆಯಬಲ್ಲ ಮಿತಿ ದಾಟಿದೆ ಎಂಬ ಗುರುತು ಮಾತ್ರ ಬಂತು. ನಗರದ ಗಾಳಿಯನ್ನು ಅಳೆಯಲು ಹೊಂದಿಸಿದ ಯಂತ್ರ ಅದು.

ಅಣ್ಣನನ್ನು ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಮೂತ್ರದಲ್ಲಿ ಪಾದರಸ ಇತ್ತು, ಇರಬಾರದಷ್ಟು ಪ್ರೋಟೀನೂ ಇತ್ತು. ಕಾಲು ಊದಿಕೊಳ್ಳತೊಡಗಿತ್ತು. ಔಷಧ ಕೊಡಬಹುದು, ಆದರೆ ಆ ಗಾಳಿಯಿಂದ ಹೊರಗೆ ಬರದೆ ಔಷಧದಿಂದ ಪ್ರಯೋಜನವಿಲ್ಲ, ಮೂತ್ರಪಿಂಡ ಇನ್ನೆಷ್ಟು ತಡೆಯುತ್ತದೆ ಹೇಳಲಾಗದು ಎಂದು ಡಾಕ್ಟರರು ಹೇಳಿದರು. ಅವರು ಹೇಳಿದ್ದನ್ನು ನಾನು ತುಳುವಿನಲ್ಲಿ ಮತ್ತೊಮ್ಮೆ ಅಣ್ಣನಿಗೆ ಹೇಳಿದೆ. ಅವನಿಗೆ ಮೊದಲ ಸಲವೇ ಅರ್ಥವಾಗಿತ್ತು.

ಮಧ್ಯಾಹ್ನ ಊಟದ ನಂತರ ನಾವಿಬ್ಬರೂ ಜಗಲಿಯಲ್ಲಿ ಕೂತಿದ್ದೆವು. ಪ್ರಶ್ನೆ ಕೇಳುವವರು ಇನ್ನೂ ಬಂದಿರಲಿಲ್ಲ. ಅವನು ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿದ್ದ. ಕೆಲಸ ಬಿಟ್ಟು ನನ್ನ ಮನೆಗೆ ಬಂದು ಇರು ಎಂದೆ.

"ನೀನು ಹೇಳಿದ ಹಾಗೆ ಪಾದರಸ ಅಂತಾದ್ರೆ ನಾನು ರೋಗಿ. ಕೈ ನಡುಗುವ ಭಟ್ಟ ಪೂಜೆಗೆ ಆಗುದಿಲ್ಲ. ದರ್ಶನ ಅಂತಾದ್ರೆ ನಾನು ಅಜ್ಜನ ಮೊಮ್ಮಗ," ಎಂದ. "ಎರಡರಲ್ಲಿ ಒಂದು ಆಗ್ಬೇಕಲ್ಲ ನಾನು. ನೀನೇ ಹೇಳು, ಎಂತ ಆಗ್ಲಿ?"

"ಬದುಕಿದವ ಆಗು" ಎಂದೆ.

"ಅದು ನಿನಗೆ ಸುಲಭ ಉಂಟು ಹೇಳ್ಲಿಕ್ಕೆ. ನಿನ್ನದು ಕೊಳವೆ ನಡುಗುದಿಲ್ಲ."

ಅವನಿಗೆ ದರ್ಶನದಲ್ಲಿ ನಂಬಿಕೆ ಇತ್ತೇ ಎಂದು ಓದುವವರು ಕೇಳಬಹುದು. ಇತ್ತು. ಅಜ್ಜನ ಮೈಮೇಲೆ ದೇವಿ ಬಂದದ್ದನ್ನು ನಾವಿಬ್ಬರೂ ಒಂದೇ ಚಾಪೆಯಲ್ಲಿ ಕೂತು ನೋಡಿದವರು. ತನ್ನದು ಅದೇ ಹೌದೋ ಅಲ್ಲವೋ ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಆ ದಿನ ಅವನು ಶಿಲ್ಪಿಯ ಮನೆಗೆ ಫೋನು ಮಾಡಿದ. ಮಗ ಎತ್ತಿಕೊಂಡ. ಅಪ್ಪ ಊರಿಗೆ ಬಂದ ಮೇಲೆ ದಮ್ಮು, ಕೆಮ್ಮು, ಮಲಗಿದಲ್ಲಿಂದ ಎದ್ದಿರಲಿಲ್ಲ, ಮಳೆಗಾಲದಲ್ಲಿ ತೀರಿಕೊಂಡ ಎಂದು ಹೇಳಿದ. ಅಣ್ಣ ಫೋನನ್ನು ನನ್ನ ಕೈಗೆ ಕೊಟ್ಟ. ಮಗ ಆ ಕಡೆಯಿಂದ ಇನ್ನೂ ಮಾತಾಡುತ್ತಿದ್ದ. ನಿಮ್ಮ ದೇವಸ್ಥಾನದವರು ಅಪ್ಪನನ್ನು ಚೆನ್ನಾಗಿ ನೋಡಿಕೊಂಡರಂತೆ, ಶಾಲು ಹೊದೆಸಿದರಂತೆ, ಸಾಯುವವರೆಗೂ ಹೇಳುತ್ತಿದ್ದ ಎಂದ.

ಒಲೆ ನಿಲ್ಲಿಸಿ ನೆಲ ಅಗೆಯಬೇಕೆಂದು ಕೇಳಲು ನಾನು ಅಧ್ಯಕ್ಷರ ಹತ್ತಿರ ಹೋದೆ. ಊರಿನ ಜಮೀನ್ದಾರರಾಗಿದ್ದ ಹಳೆಯ ಗುತ್ತಿನ ಮನೆಯವರು, ಈಗ ಎರಡು ಮೀನೂಟದ ಹೋಟೆಲು ನಡೆಸುತ್ತಾರೆ. ಕೆಟ್ಟವರಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿದರು, ಅಂಕಿಗಳಿದ್ದ ಕಾಗದವನ್ನು ಕನ್ನಡಕ ಹಾಕಿ ನೋಡಿದರು, ಕಾಫಿ ತರಿಸಿದರು.

"ಪ್ರೊಫೆಸರ್ರೇ, ಬೇಸರ ಮಾಡ್ಬೇಡಿ," ಎಂದರು. "ಉತ್ತರದಲ್ಲಿ ಅಷ್ಟು ಚಿಮಣಿ ಉಂಟು. ಇಷ್ಟು ತಿಂಗಳು ಅಳೆದು ಒಂದನ್ನಾದ್ರೂ ನಿಮಗೆ ನಿಲ್ಲಿಸ್ಲಿಕ್ಕೆ ಆಯ್ತಾ? ಇಲ್ಲ. ಈಗ ದೇವಿಯ ಒಲೆ ನಿಲ್ಲಿಸ್ಲಿಕ್ಕೆ ಬಂದಿದ್ದೀರಿ."

ಅವರು ಮುಂದುವರಿಸಿ, ಬ್ರಹ್ಮಕಲಶವಾಗಿ ವರ್ಷ ತುಂಬುವ ಮೊದಲು ನೆಲ ಅಗೆದರೆ ಮತ್ತೆ ಎಲ್ಲ ಶುದ್ಧಿ ಮೊದಲಿನಿಂದ ಆಗಬೇಕು ಎಂದರು. ದೇವಿ ಅಪ್ಪಣೆ ಕೊಡದೆ ತಾನು ಹಾರೆ ಎತ್ತಿಸುವವನಲ್ಲ ಎಂದೂ ಹೇಳಿದರು. ಆದರೆ ನನ್ನ ಮಾತಿಗೆ ಬೆಲೆ ಕೊಟ್ಟು, ಸ್ವಂತ ಖರ್ಚಿನಲ್ಲಿ, ನೈವೇದ್ಯದ ಕೋಣೆಗೆ ಒಂದು ಎಕ್ಸಾಸ್ಟ್ ಫ್ಯಾನು ಹಾಕಿಸಿದರು. ಅದು ಆ ಗಾಳಿಯನ್ನು ನೇರ ಅಣ್ಣನ ಮನೆಯ ತಾರಸಿಗೆ ಊದತೊಡಗಿತು. ಅತ್ತಿಗೆ ಬದಲಾಯಿಸುವ ಕೊಳವೆಯಲ್ಲಿ ಅಂಕಿ ಏರಿತು. ಪಂಪನ್ನು ಅಲ್ಲಿಂದ ತೆಗೆದೆ. ಅತ್ತಿಗೆಗೆ ಮೇಲೆ ಬಟ್ಟೆ ಒಣಗಿಸಲೂ ಹೋಗಬೇಡಿ ಎಂದೆ.

ಅಣ್ಣ ಬಿಡಲಿಲ್ಲ. ನಾನು ವಾರದಲ್ಲಿ ಎರಡು ಮೂರು ಸಲ ಹೋಗಿ ಕೇಳುತ್ತಿದ್ದೆ. ಬದಲಿ ಭಟ್ಟರು ಸಿಗಲಿ ಎನ್ನುತ್ತಿದ್ದ. ಬದಲಿ ಭಟ್ಟರನ್ನು ಹುಡುಕಿಕೊಟ್ಟೆ. ಆಗ, ಬೇರೆಯವನನ್ನು ಆ ಕೋಣೆಯಲ್ಲಿ ಕೂರಿಸುವುದು ಹೇಗೆ, ಅವನಿಗೂ ಹೆಂಡತಿ ಮಕ್ಕಳಿಲ್ಲವೇ ಎಂದ. ಅದೂ ನಿಜವಾಗಿತ್ತು. ನೆಲ ಅಗೆಯದೆ ಯಾರನ್ನು ಕೂರಿಸಿದರೂ ಅದೇ. ಮಾತು ತಿರುಗಿ ತಿರುಗಿ ಆ ಒಲೆಯ ಬುಡಕ್ಕೇ ಬಂದು ನಿಲ್ಲುತ್ತಿತ್ತು.

ಜನ ಹೆಚ್ಚಾದರು. ಮಕರ ಸಂಕ್ರಮಣ ಕಳೆದ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ಕ್ರಮಪ್ರಕಾರ ದರ್ಶನ ಸೇವೆ ನಡೆಸಿ, ದೇವಿಯಿಂದಲೇ ಅಣ್ಣನನ್ನು ಪಾತ್ರಿಯೆಂದು ಒಪ್ಪಿಸಿಕೊಳ್ಳುವುದೆಂದು ಸಮಿತಿ ನಿಶ್ಚಯಿಸಿತು. ಆ ದಿನ ನಾನು ಹೊರಾಂಗಣದಲ್ಲಿ, ಬಾವಿಕಟ್ಟೆಯ ಹತ್ತಿರ, ಅತ್ತಿಗೆಯ ಪಕ್ಕದಲ್ಲೇ ನಿಂತಿದ್ದೆ. ಅಣ್ಣ ಮಿಂದು ರೇಷ್ಮೆಯ ಕೆಂಪು ಪಟ್ಟೆ ಉಟ್ಟು ಬಂದ. ಕಾಲಿನ ಊತ ಪಟ್ಟೆಯ ಕೆಳಗೆ ಕಾಣುತ್ತಿತ್ತು. ಅವನ ಕೈಗೆ ಅಡಿಕೆಯ ಹೂಗೊನೆ, ಹಿಂಗಾರ, ಕೊಟ್ಟರು. ಚೆಂಡೆ ಏರಿತು.

ಅವನು ನಡುಗತೊಡಗಿದ. ಈ ನಡುಕವನ್ನು ನಾನು ಗಮನಿಸಿ ನೋಡಿದೆ. ನಾನು ಬಲ್ಲ ಪಾದರಸದ ನಡುಕ ಬೆರಳಿನಲ್ಲಿ ಹುಟ್ಟುವಂಥದ್ದು. ಇದು ಸೊಂಟದಿಂದ ಎದ್ದು ಎದೆಗೆ, ಹೆಗಲಿಗೆ ಏರಿತು. ಹಿಂಗಾರದ ಎಸಳುಗಳು ಉದುರಿ ಸುತ್ತ ಬಿದ್ದವು. ಅಜ್ಜನದು ಹೀಗೆಯೇ ಇತ್ತು. ಎರಡು ನಡುಕವೂ ಒಂದೇ ಮೈಯಲ್ಲಿದ್ದಾಗ ಯಾವುದು ಎಲ್ಲಿ ಮುಗಿಯುತ್ತದೆ ಎಂದು ನನಗೆ ಹೇಳಲಾಗುವುದಿಲ್ಲ. ಕಂಡದ್ದನ್ನು ಮಾತ್ರ ಬರೆಯುತ್ತಿದ್ದೇನೆ.

ಅಧ್ಯಕ್ಷರು ಕೈಮುಗಿದು, ಬ್ರಹ್ಮಕಲಶದಿಂದ ತಾಯಿಗೆ ತೃಪ್ತಿಯಾಗಿದೆಯೇ ಎಂದು ಕೇಳಿದರು. ಅಣ್ಣ ತಲೆ ಎತ್ತಿದ. ದನಿ ಗಟ್ಟಿಯಾಗಿತ್ತು, ತಡವರಿಕೆ ಇರಲಿಲ್ಲ. ಅದಕ್ಕೆ ಹಿಂದಿನ ಹಲವು ವಾರಗಳಲ್ಲಿ ಅವನು ತಡವರಿಸದೆ ಒಂದು ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ.

"ನನ್ನ ನೈವೇದ್ಯದ ಕೋಣೆಯಲ್ಲಿ ವಿಷ ಉಂಟು. ನೆಲ ಅಗೆಯಿರಿ. ಅಗೆದು ತೆಗೆಯುವವರೆಗೆ ಅಲ್ಲಿ ಒಲೆ ಉರಿಸಬೇಡಿ."

ಅಧ್ಯಕ್ಷರು "ಅಪ್ಪಣೆ" ಎಂದರು. ತಿಂಗಳುಗಳಿಂದ ನಾನು ಕಾಗದ ಹಿಡಿದು ಕೇಳಿದ್ದು ಅದನ್ನೇ. ಆಮೇಲೆ ಅವರು, ಮುಂದೆಯೂ ಇವರೇ ಪಾತ್ರಿಯಾಗಿ ನಡೆಸಿಕೊಡಬೇಕಲ್ಲ ಎಂದು ಕೇಳಿದರು.

"ಇವನನ್ನು ಬಿಡಿ. ಇವನಿಗೆ ಇನ್ನು ನನ್ನ ಕೆಲಸ ಬೇಡ."

ಅತ್ತಿಗೆ ಬಾವಿಕಟ್ಟೆಯನ್ನು ಹಿಡಿದುಕೊಂಡರು. ಅಣ್ಣ ಮುಂದಕ್ಕೆ ಬಾಗಿದ, ಇಬ್ಬರು ಹಿಡಿದು ಕೂರಿಸಿದರು. ಎಚ್ಚರ ಬಂದಾಗ ಬೆರಳುಗಳು ಮತ್ತೆ ಮೊದಲಿನ ಹಾಗೆ, ಸಣ್ಣಗೆ, ವೇಗವಾಗಿ ನಡುಗುತ್ತಿದ್ದವು.

ನೆಲ ಅಗೆಯುವಾಗ ನಾನು ಮೂಗು ಬಾಯಿ ಮುಚ್ಚುವ ಮುಖವಾಡ ಹಾಕಿ, ಆಳುಗಳಿಗೂ ಕೊಡಿಸಿ, ಪಕ್ಕದಲ್ಲೇ ಇದ್ದೆ. ಒಲೆಯ ಬುಡದ ಕಲ್ಲು ಎಬ್ಬಿಸಿದಾಗ ಮಣ್ಣಿನಲ್ಲಿ ಪಾದರಸ ಮಣಿಮಣಿಯಾಗಿ ಹೊಳೆಯಿತು. ಬಾಗಿಲಲ್ಲಿದ್ದವರು ಕೈ ಮುಗಿದರು. ಒಬ್ಬ ಮುದುಕ ಪ್ರಸಾದವೆಂದು ಒಂದಿಷ್ಟನ್ನು ಕುಪ್ಪಿಗೆ ತುಂಬಿಕೊಳ್ಳಲು ಬಗ್ಗಿದ. ಅವನ ಕೈಯಿಂದ ಕುಪ್ಪಿ ಕಸಿದುಕೊಳ್ಳಬೇಕಾಯಿತು. ಅಗೆದ ಮಣ್ಣನ್ನು ದೇವರ ಸೊತ್ತೆಂದು ಗುರುಪುರ ಹೊಳೆಯಲ್ಲಿ ವಿಸರ್ಜಿಸಲು ಟೆಂಪೋ ಬಂದು ನಿಂತಿತ್ತು. ಹೊಳೆಗೆ ಹಾಕಿದರೆ ಮೀನಿಗೆ ಸೇರುತ್ತದೆ ಎಂದು ನಾನು ಅಡ್ಡ ನಿಂತೆ.

"ಭಟ್ರಿಗೆ ಮೀನಿನ ಚಿಂತೆ ಯಾಕೆ ಮಾರಾಯ್ರೇ?" ಎಂದರು ಅಧ್ಯಕ್ಷರು.

"ನನಗಿಲ್ಲ. ನಿಮಗೆ ಉಂಟಲ್ಲ" ಎಂದೆ.

ಅವರು ಸ್ವಲ್ಪ ಯೋಚಿಸಿ ಟೆಂಪೋವನ್ನು ತಿರುಗಿಸಿ ಕಳುಹಿಸಿದರು. ಮಣ್ಣನ್ನು ಡ್ರಮ್ಮುಗಳಲ್ಲಿ ತುಂಬಿ, ಬಾಯಿ ಬಿಗಿದು, ವಿಷವಸ್ತು ವಿಲೇವಾರಿ ಮಾಡುವವರಿಗೆ ಒಪ್ಪಿಸಿದೆವು.

ಔಷಧ ಶುರುವಾದ ಮೇಲೆ ಅಣ್ಣನ ನಡುಕ ಕಡಿಮೆಯಾಯಿತು. ಲೋಟ ತಾನೇ ಹಿಡಿಯುವಷ್ಟಾದ. ಮೂತ್ರಪಿಂಡ ಸರಿಹೋಗಲಿಲ್ಲ. ಜಗಲಿಗೆ ಜನ ಬರುವುದು ನಿಂತಿತು. ಕೈ ನಡುಗದ ಪಾತ್ರಿಯ ಹತ್ತಿರ ಕೇಳುವುದೇನಿದೆ? ಅವನಿಗೆ ಡಯಾಲಿಸಿಸ್ ಮಾಡುವ ದಿನಗಳಲ್ಲಿ ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಒಂದು ದಿನ ಕೇಳಿಯೇಬಿಟ್ಟೆ: ಆ ಮಂಗಳವಾರ ಅಂಗಳದಲ್ಲಿ ಮಾತಾಡಿದ್ದು ಯಾರು?

ಅವನು ಕಣ್ಣು ಮುಚ್ಚಿಕೊಂಡೇ ಇದ್ದ. "ನಿನ್ನ ಮಿಷನ್ ಎಂತ ಹೇಳ್ತದೆ?"

"ಅದರಲ್ಲಿ ಅದು ಸಿಗುದಿಲ್ಲ."

"ಹಾಗಾದ್ರೆ ಬಿಡು."

ಮುಂದಿನ ಮಳೆಗಾಲ ಬರುವ ಮೊದಲೇ ಅವನು ತೀರಿಕೊಂಡ. ತನ್ನ ಕೆಲಸ ಮುಗಿಸಿಕೊಂಡು ದೇವಿ ಪಾತ್ರಿಯನ್ನು ಕರೆಸಿಕೊಂಡಳು ಎಂದು ದೇರೆಬೈಲಿನಲ್ಲಿ ಹೇಳುತ್ತಾರೆ. ಮಂಗಳೂರಿನ ಗಾಳಿಯ ಬಗ್ಗೆ ನಾನು ಬರೆದ ಪ್ರಬಂಧದಲ್ಲಿ ದೇರೆಬೈಲಿನ ಅಂಕಿಗಳಿಲ್ಲ. ಅವು ಹತ್ತಿರದ ಒಂದೇ ಮೂಲದಿಂದ ಬಂದವು, ನಗರದ ಗಾಳಿಯನ್ನು ಅವು ಹೇಳುವುದಿಲ್ಲ ಎಂದು ಬಿಡಬೇಕಾಯಿತು. ವಿಜ್ಞಾನದ ನಿಯಮದ ಪ್ರಕಾರ ಅದು ಸರಿ. ವಾಮಂಜೂರಿನ ಮತ್ತು ಬಜಪೆಯ ಅಂಕಿಗಳಷ್ಟೇ ಅಚ್ಚಾದವು. ಚಿಮಣಿಗಳು ಹಾಗೆಯೇ ಇವೆ.

ಆದದ್ದನ್ನು ನನ್ನ ಜೊತೆ ಮೊದಲಿನಿಂದಲೂ ಹತ್ತಿರದಿಂದ ಕಂಡವರಲ್ಲಿ ಈಗ ಬದುಕಿರುವವರು ಮೂವರು. ಚೆಂಡೆಯವನು ವಾಮಂಜೂರಿನಲ್ಲಿದ್ದಾನೆ, ಕೇಳಿದರೆ ಅವನು ದೇವಿಯೇ ಮಾತಾಡಿದ್ದು ಎನ್ನುತ್ತಾನೆ, ನಾನು ತಿದ್ದುವುದಿಲ್ಲ. ಅಧ್ಯಕ್ಷರು ಇದ್ದಾರೆ, ಆ ವಿಷಯ ಮಾತಾಡುವುದಿಲ್ಲ. ಎದುರು ಸಿಕ್ಕಿದರೆ ನನ್ನ ಆರೋಗ್ಯ ವಿಚಾರಿಸುತ್ತಾರೆ. ಅತ್ತಿಗೆ ಬಜಪೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಆಗಾಗ ಅವರ ಮೂತ್ರದ ಪರೀಕ್ಷೆ ನಾನೇ ಮಾಡಿಸುತ್ತೇನೆ. ಪಾದರಸ ಕಳೆದ ಸಲಕ್ಕಿಂತ ಈ ಸಲ ಕಡಿಮೆ ಬಂದಿದೆ, ಇರಬೇಕಾದ್ದಕ್ಕಿಂತ ಇನ್ನೂ ಹೆಚ್ಚಿದೆ.